ನಾಲ್ಕು ಮಿಲಿಮೀಟರು

ಕಳೆದ ಶ್ರಾವಣದ ಒಂದು ಗುರುವಾರ, ಬೆಳಿಗ್ಗೆ ಏಳೂ ಹತ್ತಕ್ಕೆ, ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ, ಅಣ್ಣನ ಕುರ್ಚಿಯ ಎಡಕ್ಕೆ ಒಂದು ಮೊಳ ದೂರದಲ್ಲಿ, ಆರಿಂಚಿನ ಉಕ್ಕಿನ ಸ್ಕೇಲು ಹಿಡಿದು ನಾನು ನಿಂತಿದ್ದೆ. ಇಷ್ಟು ಕರಾರುವಾಕ್ಕಾಗಿ ಹೇಳುವುದು ರಬಾಳೆಯ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಬಿಡಿಭಾಗಗಳನ್ನು ಅಳೆದು ಪಾಸು ಮಾಡಿದವನ ಚಾಳಿ, ಗೆಳೆಯರೇ, ಸಹಿಸಿಕೊಳ್ಳಿ.

ಅಣ್ಣನ ಮೊಣಕಾಲ ಕೆಳಗೆ ಕಡಲೆಕಾಳಿಗಿಂತ ಚಿಕ್ಕದೊಂದು ಗಂಟು ಎದ್ದಿತ್ತು. ನೋವಿಲ್ಲ, ತುರಿಕೆಯಿಲ್ಲ, ಜ್ವರವಿಲ್ಲ. ಎರಡು ವರ್ಷದ ಹಿಂದೆ ನನ್ನ ಅತ್ತಿಗೆ ಶಾಂತಾ ವೈನಿ ತಮ್ಮದೊಂದು ಕಿಡ್ನಿಯನ್ನು ಅಣ್ಣನಿಗೆ ಕೊಟ್ಟಿದ್ದರು. ಅಂಥ ಮೈಯಲ್ಲಿ ಯಾವ ಗಂಟೂ ಚಿಕ್ಕದಲ್ಲವೆಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸೋಮವಾರ ಅಳೆದೆ: ನಾಲ್ಕು ಮಿಲಿಮೀಟರು. ಮಂಗಳವಾರ, ಬುಧವಾರ, ಆ ಗುರುವಾರವೂ ನಾಲ್ಕೇ.

"ಏನ್ರೀ ಇನ್‌ಸ್ಪೆಕ್ಟರ್ ಸಾಹೇಬ್ರ, ಮಾಲು ಪಾಸೋ, ರಿಜೆಕ್ಟೋ?" ಅಣ್ಣ ನಕ್ಕ.

"ಪಾಸ್ ಅಣ್ಣಾ. ಬೆಳದೇ ಇಲ್ಲ."

ಚಹಾ ತಂದ ವೈನಿ ಅವನ ಬೆನ್ನ ಹಿಂದೆ ನಿಂತುಬಿಟ್ಟರು. "ಬಸು, ಕುತ್ತಿಗಿ ಮ್ಯಾಲಿಂದು ಅಳದೀ ಏನು?"

ಅಳೆದಿರಲಿಲ್ಲ. ಕುತ್ತಿಗೆಯ ಪಕ್ಕದಲ್ಲಿ, ಅಂಗಿಯ ಕಾಲರಿನ ಮರೆಯಲ್ಲಿ ಅಂಥದೇ ಇನ್ನೊಂದಿತ್ತು. ಅಣ್ಣ ಕನ್ನಡಿ ತರಿಸಿ ತಾನೂ ನೋಡಿದ.

"ನಿನ್ನ ಫ್ಯಾಕ್ಟರಿ ಇರ್ಲಿ. ರಿಕ್ಷಾ ಕರಿ ಮೊದ್ಲು," ಎಂದರು ವೈನಿ.

ಆಸ್ಪತ್ರೆಯಲ್ಲಿ ಚರ್ಮದ ಚೂರು ತೆಗೆದು ಪರೀಕ್ಷಿಸಿದಾಗ ಸಿಕ್ಕಿದ್ದು ರಕ್ತದ ಮೂಲಕ ಹಬ್ಬುತ್ತಿದ್ದ ಶಿಲೀಂಧ್ರ. ತಡವಾಗಿದ್ದರೆ ಮಿದುಳಿಗೂ ತಲುಪಬಹುದಿತ್ತಂತೆ. ಕೊಟ್ಟ ಕಿಡ್ನಿಯನ್ನು ಮೈ ಪರಕೀಯವೆಂದು ತಳ್ಳದಿರಲು ನುಂಗುವ ಮಾತ್ರೆಗಳು ಮೈಯ ಕಾವಲುಗಾರರನ್ನೇ ಮಂಪರಿಗೆ ನೂಕುತ್ತವೆ, ಆದ್ದರಿಂದ ಜ್ವರ, ನೋವು, ಕೆಂಪು ಯಾವುದೂ ಬಾರದೆ ರೋಗ ಒಳಗೆ ಓಡಾಡಬಲ್ಲದು, ಎಷ್ಟೋ ಸಲ ಮೊದಲ ಸುಳಿವು ಕೊಡುವುದು ಚರ್ಮವೇ ಎಂದು ಡಾಕ್ಟರು ವಿವರಿಸಿದಾಗ, ನಂಬುತ್ತೀರೋ ಇಲ್ಲವೋ, ಹೆದರಿಕೆಯ ನಡುವೆಯೂ ನನ್ನೊಳಗೆ ಏನೋ ಪುಳಕವೆದ್ದಿತು. ಮೂಕವಾಗಿಸಿದ ಮೈಯೂ ಹೇಗಾದರೂ ಮಾತಾಡುತ್ತದೆ! ಹೊಸದು ಕಂಡ ದಿನವೇ ತೋರಿಸಿ, ಬೆಳೆಯಲೆಂದು ಕಾಯಬೇಡಿ ಎಂದರು ಅವರು. ನಾನೋ, ಬೆಳೆಯದ್ದನ್ನು ಕಂಡು ನಾಲ್ಕು ದಿನ ನೆಮ್ಮದಿಯಾಗಿದ್ದೆ.

ತಿಂಗಳುಗಟ್ಟಲೆ ಔಷಧಿಯಾಯಿತು. ಕಿಡ್ನಿ ಉಳಿಯಿತು. ಈಗ ಭಾನುವಾರ ಬೆಳಿಗ್ಗೆ ಅದೇ ಬಾಲ್ಕನಿಯ ಬೆಳಕಿನಲ್ಲಿ ಅಣ್ಣನ ಕಿವಿಯ ಹಿಂಬದಿಯಿಂದ ಕಾಲ್ಬೆರಳ ಸಂದಿಯವರೆಗೆ ನೋಡುತ್ತೇನೆ; ಸ್ಕೇಲು ಕಾರ್ಖಾನೆಯಲ್ಲೇ ಇರುತ್ತದೆ.

ಆ ಗುರುವಾರ ಕುತ್ತಿಗೆಯ ಗಂಟನ್ನು ಆ ಬಾಲ್ಕನಿಯಲ್ಲಿ ನನ್ನೊಂದಿಗೆ ಕಂಡ ಸಾಕ್ಷಿಗಳು ಇಬ್ಬರು: ಮೊದಲು ಕಂಡ ಶಾಂತಾ ವೈನಿ, ಕನ್ನಡಿಯಲ್ಲಿ ಕಂಡ ಅಣ್ಣ ಮಲ್ಲಿಕಾರ್ಜುನ. ಇಬ್ಬರೂ ಬದುಕಿದ್ದಾರೆ.