ಗೋಡೆಯ ಮೇಲಿನ ನಂಬರು

ಮೊನ್ನೆ ಮಗಳ ಕಾಲೇಜಿಗೆ ಯಾವುದೋ ದಾಖಲೆ ಬೇಕೆಂದು ಟ್ರಂಕು ಕೆದಕುತ್ತಿದ್ದಾಗ ನನ್ನ ತಾಯಿ ಕಾರ್ಡು ಸಿಕ್ಕಿತು. ಇವಳು ಹೊಟ್ಟೆಯಲ್ಲಿದ್ದಾಗ ನನಗೆ ಆಸ್ಪತ್ರೆಯಲ್ಲಿ ಕೊಟ್ಟಿದ್ದು. ಹಿಂಬದಿಯಲ್ಲಿ ನೀಲಿ ಶಾಯಿಯ ಒಂದು ನಂಬರು, ಅದರ ಮೇಲೊಂದು ಅಡ್ಡಗೆರೆ, ಕೆಳಗೆ ಇನ್ನೊಂದು ನಂಬರು. ನಯಾಜಣ್ಣನ ಕೈಬರಹ. ಸುಮ್ಮನೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಆಗ ನಾನು ಭೀಮನಬೀಡಿನಲ್ಲಿ ಟೀಚರು. ಮೊಬೈಲು ಊರಿಗೆ ಹೊಸತು. ಇಡೀ ಬೀದಿಗೆ ನನ್ನದೊಂದೇ ಎಂಬ ಜಂಬ. ಸಿಗ್ನಲ್ ಸಿಗುತ್ತಿದ್ದುದು ಶಾಲೆಯ ನೀರಿನ ತೊಟ್ಟಿಯ ಪಕ್ಕ ಮಾತ್ರ. ಅಲ್ಲಿ ನಿಂತು ಅಗತ್ಯಕ್ಕಿಂತ ಗಟ್ಟಿಯಾಗಿಯೇ ಮಾತಾಡುತ್ತಿದ್ದೆ.

ನಯಾಜಣ್ಣ ಗುಂಡ್ಲುಪೇಟೆಯವರು. ಹಳೆಯ ವ್ಯಾನೊಂದನ್ನು ಇಟ್ಟುಕೊಂಡು ಹಳ್ಳಿಯ ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹಂಗಳ, ಬೇಗೂರು, ನಮ್ಮೂರು, ಎಲ್ಲ ಕಡೆ ಗೋಡೆಗಳ ಮೇಲೆ ಬಣ್ಣದಲ್ಲಿ ತಮ್ಮ ನಂಬರು ಬರೆಸಿದ್ದರು. ಓದು ಬಾರದ ಮುದುಕಿಯರೂ ಅದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು.

ನನಗೆ ಎಂಟು ತಿಂಗಳು ತುಂಬಿದಾಗ ಒಂದು ದಿನ ಫೋನು ಸುಮ್ಮನಾಯಿತು. ನನ್ನದಷ್ಟೇ ಅಲ್ಲ, ನಯಾಜಣ್ಣನದೂ ಸೇರಿ ಆ ಕಂಪನಿಯ ಸಿಮ್ಮು ಇದ್ದವರೆಲ್ಲರದೂ. ನಮ್ಮೆಜಮಾನರು ತಾವು ಕೆಲಸಕ್ಕೆ ಹೋಗುತ್ತಿದ್ದ ಚಾಮರಾಜನಗರದಲ್ಲಿ ಕಂಪನಿಯ ಅಂಗಡಿಯವನನ್ನು ವಿಚಾರಿಸಿದರು. "ಎರಡು ಕಂಪನಿ ಒಂದಾಗವೆ ಸಾ. ಆ ಕಡೆ ಟವರ್ ತೆಗ್ದವ್ರೆ. ಬೇರೆ ಸಿಮ್ಮು ತಗಳಿ, ನಂಬರ್ ಒಂದು ಬದಲಾಯ್ತದೆ ಅಷ್ಟೇಯ" ಎಂದನಂತೆ. ಆಗೆಲ್ಲ ಕಂಪನಿ ಬದಲಾಯಿಸಿದರೆ ಹಳೆಯ ನಂಬರನ್ನು ಉಳಿಸಿಕೊಳ್ಳುವ ದಾರಿ ಇರಲಿಲ್ಲ. ನನಗೇನೋ ಅದು 'ಅಷ್ಟೇಯ'. ಗೋಡೆಗಳ ಮೇಲೆ ಬರೆಸಿದವರಿಗೆ?

ಆ ವಾರವೇ ಹಂಗಳದ ಹೆಂಗಸೊಬ್ಬಳು ರಸ್ತೆಬದಿಯ ಹುಣಸೆಮರದ ಕೆಳಗೆ ಹೆತ್ತಳು. ಮನೆಯವರು ಕಾಯಿನ್ ಬೂತಿನಿಂದ ಆ ನಂಬರು ಒತ್ತಿ ಒತ್ತಿ ಸಾಕಾಗಿ, ಬಸ್ಸಿಗೆ ಕಾಯುತ್ತಿದ್ದರಂತೆ. ತಾಯಿ, ಮಗು ಉಳಿದರು. ನಯಾಜಣ್ಣನಿಗೆ ಮಾತ್ರ ಅನ್ನ ಸೇರದಾಯಿತು. "ನಂಬ್ಕಂಡು ಕುಂತಿದ್ರು ಟೀಚರ್. ಗೋಡೆ ಮ್ಯಾಲೆ ಬರ್ಸಿದ್ದು ನಾನೇ ಅಲ್ವಾ" ಎಂದರು, ನನ್ನ ಕಾರ್ಡಿನ ಮೇಲೆ ಹಳೆಯದಕ್ಕೆ ಗೆರೆ ಎಳೆದು ಹೊಸ ನಂಬರು ಬರೆಯುತ್ತ.

ಹೊಸ ನಂಬರು ಊರೂರಿಗೆ ಬಾಯಿಪಾಠವಾಗುವವರೆಗೆ ಅವರು ಒಂದು ಕೆಲಸ ಹಿಡಿದರು. ದಿನ ತುಂಬುತ್ತಿರುವವರ ಮನೆ ಯಾವುದೆಂದು ಆಸ್ಪತ್ರೆಯ ಸಿಸ್ಟರನ್ನು ಕೇಳಿಕೊಂಡು, ಬೆಳಗಿನ ನಮಾಜು ಮುಗಿಸಿ, ಒಂದೊಂದು ಊರಿಗೂ ಹೋಗಿ ಬಾಗಿಲಲ್ಲಿ ವಿಚಾರಿಸುವುದು. ನಮ್ಮ ಬೀದಿಗೂ ದಿನಾ ಬಂದು ಎರಡು ಸಲ ಹಾರನ್ ಒತ್ತುತ್ತಿದ್ದರು. ಅಕ್ಕಪಕ್ಕದವರು ಇಣುಕುತ್ತಿದ್ದರು. ನನಗೆ ಮುಜುಗರ. ಓದಿದವಳಲ್ಲವೇ ನಾನು.

"ನೀವು ಬರ್ಬೇಡಿ ನಯಾಜಣ್ಣ. ಬೇಕಾದ್ರೆ ಬೂತಿಂದ ಫೋನ್ ಮಾಡಿಸ್ತೀನಿ" ಎಂದೆ ಒಂದು ದಿನ, ಕೊಂಚ ಬಿರುಸಾಗಿಯೇ.

"ಮಾಡ್ಸಿ ಟೀಚರ್. ನಾನೂ ಬತ್ತೀನಿ" ಎಂದು ವ್ಯಾನು ತಿರುಗಿಸಿಕೊಂಡು ಹೊರಟರು.

ಒಳಗಿನಿಂದ ಅತ್ತೆ, "ಬರ್ಲಿ ಬುಡು ಕಣವ್ವ. ಎರ್ಗೆ ಏನು ನಿನ್ನ ಕೇಳ್ಬುಟ್ಟು ಬತ್ತದಾ" ಎಂದರು.

ಹೆರಿಗೆ ಕೇಳಿ ಬರಲಿಲ್ಲ. ಹೇಳಿದ ದಿನಕ್ಕಿಂತ ಹದಿನೈದು ದಿನ ಮುಂಚೆ, ಶಾಲೆಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದಾಗ ನೀರು ಹೋಯಿತು, ಹಿಂದೆಯೇ ನೋವು. ನನ್ನ ಮೊಬೈಲಿಗೆ ಇನ್ನೂ ಹೊಸ ಸಿಮ್ಮು ಹಾಕಿಸಿರಲಿಲ್ಲ; ಅತ್ತೆ ಬೂತಿಗೆ ಓಡಿದರು. ಬೂತಿನವನು ಬೀಗ ಹಾಕಿಕೊಂಡು ಹೊಲಕ್ಕೆ ಹೋಗಿದ್ದ. ನಮ್ಮೆಜಮಾನರು ಹತ್ತಿದ ಬಸ್ಸು ಆಗಲೇ ಹೋಗಿತ್ತು. ಬಾಗಿಲು ಹಿಡಿದು ನಿಂತು, ಓದಿದ ಹೆಂಗಸಾದ ನಾನು, ಬೀದಿಯ ಕಡೆ ಕಿವಿಯಿಟ್ಟೆ. ನೀವು ನಗಬಹುದು, ಎರಡು ಸಲ ಹಾರನ್ ಕೇಳಿದಾಗ ಅತ್ತುಬಿಟ್ಟೆ.

ಗುಂಡ್ಲುಪೇಟೆಯಲ್ಲಿ ನೋಡಿ, ಮಗು ಅಡ್ಡವಾಗಿದೆ ಎಂದು ಚಾಮರಾಜನಗರಕ್ಕೆ ಕಳಿಸಿದರು. ದಾರಿಯುದ್ದಕ್ಕೂ ನಯಾಜಣ್ಣ, ಗುಂಡಿ ಬಂದಾಗಲೆಲ್ಲ "ಇಡ್ಕಳಿ ಟೀಚರ್" ಎನ್ನುವುದನ್ನು ಬಿಟ್ಟರೆ ಬೇರೇನೂ ಆಡಲಿಲ್ಲ. ಇನ್ನೊಂದು ಬಸ್ಸಿಗೆ ಕಾದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಆಮೇಲೆ ಅತ್ತೆಗೆ ಹೇಳಿದರಂತೆ.

ಮುಂದೆ ನನಗೆ ಚಾಮರಾಜನಗರಕ್ಕೆ ವರ್ಗವಾಯಿತು. ಹೋಗಿ ಮಾತಾಡಿಸಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು.

ನಿನ್ನೆ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ನಯಾಜಣ್ಣ ಮಂಡಿನೋವಿನಿಂದ ವ್ಯಾನು ಮಾರಿದ್ದಾರೆ. ಜಗಲಿಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದರು. ಅಂದು ಬರಬೇಡಿ ಎಂದಿದ್ದೆನಲ್ಲ, ಆ ಮಾತನ್ನು ಕಷ್ಟಪಟ್ಟು ಎತ್ತಿದೆ.

"ಅಂಗಂದಿದ್ರಾ? ನೆಪ್ಪಿಲ್ಲ ಕಣ್ರಮ್ಮ" ಎಂದರು. "ಮಗಳು ಎಂಗವ್ಳೆ?"

ಆ ಮಗಳಿಗೆ ನಾನು ಇವರ ಹೆಸರನ್ನೇ ಹೇಳಿರಲಿಲ್ಲ. ಸಂಜೆ ಮನೆಗೆ ಬಂದವಳೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ನಾನು ಬೇಡ ಅಂದದ್ದನ್ನೂ ಮುಚ್ಚಿಡಲಿಲ್ಲ. ಅವಳು ಕಾರ್ಡನ್ನು ತಿರುಗಿಸಿ ನೋಡುತ್ತ, "ಬೇಡ ಅಂದ್ಮೇಲೂ ಬಂದ್ರಾ?" ಎಂದು ಕೇಳಿದಳು.

"ದಿನಾ ಬಂದ್ರು" ಎಂದೆ.