ಒಂದು ಚಹಾ ಕುಡಿಯುವಷ್ಟು ಹೊತ್ತು

ಮೂರನೇ ಸಲವೂ ಇವಳಿಂದ ಆಗುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ. ಶಹಾಬಾದಿನ ಅವರ ಮನೆಯ ಕಟ್ಟೆಯ ಮೇಲೆ, ನಾನು ನೀರಿನ ತಂಬಿಗೆ ಹಿಡಿದು ಎದುರಿಗೇ ನಿಂತಿದ್ದಾಗ ಅಪ್ಪನಿಗೆ ಹೇಳಿದರು.

“ನಮ್ಮ ಪೈಕಿ ಗಂಡಸರೇ ಕಾಲೇಜ್ ಮುಗಿಸಿಲ್ಲ. ಈಕಿ ಎರಡು ಸಲ ಡುಮ್ಕಿ ಹೊಡದಾಳ. ಮೂರನೇದ್ದು ಬರೀ ನೆಪ. ಇದು ಆಗೋ ಮಾತಲ್ಲ, ಬಿಡಿಸಿಬಿಡು.”

ಅಪ್ಪ ಅದೇ ಊರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕೆಲಸಗಾರ. ವಾಡಿಯಿಂದ ದಿನಾ ಬೆಳಿಗ್ಗೆ ಹೋಗಿ ಬರುವವರು. ದೊಡ್ಡಪ್ಪನ ಮಾತು ಕೇಳಿ, ನನ್ನ ಕೈಯಿಂದ ತಂಬಿಗೆ ಇಸಿದುಕೊಂಡು ನೀರು ಕುಡಿದರು.

ಸೇಡಂನ ಕಾಲೇಜಿನಲ್ಲಿ ನನ್ನ ಬಿ.ಸಿ.ಎ.ಯ ಎಲ್ಲ ವಿಷಯಗಳೂ ಮುಗಿದಿದ್ದವು. ಉಳಿದದ್ದು ನೆಟ್‌ವರ್ಕ್ ಪ್ರಾಯೋಗಿಕ ಪರೀಕ್ಷೆ ಒಂದೇ. ಪದವಿ ಮುಗಿಸಲು ಕೊಟ್ಟ ಅವಧಿಯೂ ತೀರುತ್ತಿತ್ತು. ಈ ಸಲ ತಪ್ಪಿದರೆ ಪದವಿಯೇ ಇಲ್ಲ.

ನಾನು ಎಡವಿದ್ದು ಸ್ವಿಚ್ಚಿನ ಪ್ರಶ್ನೆಯಲ್ಲಿ. ದೀಪ ಹಾಕುವ ಸ್ವಿಚ್ಚಲ್ಲ. ಆಫೀಸಿನ ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಒಂದೊಂದು ಯಂತ್ರಕ್ಕೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ವಿಳಾಸವಿರುತ್ತದೆ. ಯಾವ ವಿಳಾಸ ತನ್ನ ಯಾವ ಪೋರ್ಟಿನ, ಅಂದರೆ ಕೇಬಲ್ ಚುಚ್ಚುವ ಕಿಂಡಿಯ, ಆಚೆಗಿದೆ ಎಂಬ ಪಟ್ಟಿಯನ್ನು ಸ್ವಿಚ್ ತಾನೇ ಬರೆದುಕೊಳ್ಳುತ್ತದೆ. ಮೊದಲ ಸಲ ಪರೀಕ್ಷಕರು ಕೇಳಿದ್ದು ಇಷ್ಟೆ: ಪಟ್ಟಿಗೆ ಸೇರುವುದು ಕಳಿಸಿದವರ ವಿಳಾಸವೋ, ತಲುಪಬೇಕಾದವರದ್ದೋ? ತಲುಪಬೇಕಾದವರದ್ದು ಅಂದೆ. ತಪ್ಪು. ಎರಡನೇ ಸಲ ಉತ್ತರ ಗೊತ್ತಿತ್ತು, ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಮೇಜಿನ ಅಂಚನ್ನೇ ನೋಡುತ್ತ ನಿಂತು ಹೊರಗೆ ಬಂದೆ.

ಅಣ್ಣ ಪಿಯುಸಿ ಅರ್ಧಕ್ಕೆ ಬಿಟ್ಟು ಕೇಬಲ್ ಕೆಲಸಕ್ಕೆ ಬಿದ್ದವನು. ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲಿ ಕರೆದರೂ ಹೋಗಿ ಆಫೀಸುಗಳ ನೆಟ್‌ವರ್ಕ್ ಜೋಡಿಸುತ್ತಾನೆ. ರಜೆಯಲ್ಲಿ ನಾನೂ ಹೋಗುತ್ತಿದ್ದೆ. ಎಂಟು ಬಣ್ಣದ ಎಳೆಗಳನ್ನು ಸಾಲು ಹಿಡಿದು ಪ್ಲಗ್ಗಿನೊಳಗೆ ಒತ್ತುವುದು ನನ್ನ ಕೆಲಸ. ಅದರಲ್ಲಿ ಅಣ್ಣನಿಗಿಂತ ನನ್ನ ಕೈ ಚುರುಕು, ಅವನೇ ಒಪ್ಪುತ್ತಾನೆ.

ಆ ಬೇಸಿಗೆಯಲ್ಲಿ ಚಿಂಚೋಳಿಯ ಒಂದು ಆಫೀಸಿಗೆ ಸುಣ್ಣ ಹೊಡೆದಿದ್ದರು. ಹಳೆಯ ಪ್ರಿಂಟರನ್ನು ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ಸಾಗಿಸಬೇಕಿತ್ತು. ಕೋಣೆಗೊಂದು ಚಿಕ್ಕ ಸ್ವಿಚ್, ಎಲ್ಲಕ್ಕೂ ಸೇರಿ ನಡುವೆ ಒಂದು ದೊಡ್ಡದು. ಸಾಗಿಸಿ ಜೋಡಿಸಿದೆವು. ಹೆಡ್ ಕ್ಲಾರ್ಕ್ ಸಾಹೇಬರು ಪ್ರಿಂಟ್ ಕೊಟ್ಟರು, ಕಾಗದ ಬರಲಿಲ್ಲ.

“ಜರಾ ಸರಸ್ರಿ ಅಂದ್ರ ಕೆಡಿಸೇ ಇಟ್ರೇನಪಾ?”

“ಕೆಟ್ಟಿಲ್ರಿ ಸಾಹೇಬ್ರ,” ಅಂದ ಅಣ್ಣ. “ಏನೂ ಮುಟ್ಟಬ್ಯಾಡ್ರಿ. ಕುಂದ್ರಿ, ಒಂದು ಚಹಾ ಕುಡೀರಿ.”

“ನಾ ಚಹಾ ಕುಡದ್ರ ಅದು ಪ್ರಿಂಟ್ ಕೊಡ್ತದೇನು?”

“ಕೊಡ್ತದ್ರಿ.”

ಕೊಟ್ಟಿತು. ಕಪ್ಪಿನ ತಳ ಕಾಣುವ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಕಾಗದ ಸರಿಯುವ ಸದ್ದು ಬಂತು.

ಮೋಟಾರ್ ಸೈಕಲ್ ಹತ್ತುವ ಮೊದಲು ಕೇಳಿದೆ: “ಯಾಕ ಬಂತಣ್ಣ?”

“ನನಗ ಕೆಲಸ ಕಲಿಸಿದ ಉಸ್ತಾದ್ ಹೇಳಿದ್ದ. ಜಾಗ ಬದಲಿಸಿದ ಮ್ಯಾಲ ಒಂದು ಚಹಾ. ಎಲ್ಲಾ ಕಡೆ ಇದನ್ನೇ ಮಾಡ್ಕೋತ ಬಂದೀನಿ.”

“ಆದ್ರ ಯಾಕ?”

“ಯಾಕ ಅನ್ನೋದು ನಿನ್ನ ಪುಸ್ತಕಕ್ಕ ಕೇಳು. ನನಗ ಚಹಾ ಸಾಕು.”

ಪುಸ್ತಕದಲ್ಲಿ ಇತ್ತು. ಬಾಯಿಪಾಠವೂ ಆಗಿತ್ತು: ಬರೆದುಕೊಂಡ ವಿಳಾಸದಿಂದ ಸಾಮಾನ್ಯವಾಗಿ ಮುನ್ನೂರು ಸೆಕೆಂಡು ಏನೂ ಬರದಿದ್ದರೆ ಸ್ವಿಚ್ ಅದನ್ನು ಅಳಿಸುತ್ತದೆ. ಮುನ್ನೂರು ಸೆಕೆಂಡು ಅಂದರೆ ಐದು ನಿಮಿಷ; ಅಲ್ಲಿಯವರೆಗೆ ದೊಡ್ಡ ಸ್ವಿಚ್ ಪ್ರಿಂಟನ್ನು ಹಳೆಯ ಕೋಣೆಗೇ ಕಳಿಸುತ್ತಿತ್ತು. ಎರಡು ವರ್ಷ ಓದಿದ್ದ ಸಾಲು ಅಂದು ಮೊದಲ ಸಲ ಅರ್ಥವಾಯಿತು.

ಆದರೂ ನಂಬಿ ಸುಮ್ಮನಿರಲಿಲ್ಲ. ಅಣ್ಣ ಆಫೀಸುಗಳಿಂದ ಬಿಚ್ಚಿ ತಂದ ಹಳೆಯ ಸ್ವಿಚ್ಚುಗಳು, ಎರಡು ಹಳೆಯ ಕಂಪ್ಯೂಟರುಗಳು ಮನೆಯಲ್ಲಿದ್ದವು. ಪಡಸಾಲೆಯಲ್ಲಿ ಚಾಪೆ ಹಾಸಿ ಚಿಂಚೋಳಿಯ ಆಫೀಸನ್ನೇ ಜೋಡಿಸಿದೆ. ಕಳಿಸುವ ಕಂಪ್ಯೂಟರಿಗೆ ಇನ್ನೊಂದರ ವಿಳಾಸವನ್ನು ಮೊದಲೇ ಬರೆದು ಕೊಟ್ಟಿದ್ದೆ. ಇಲ್ಲದಿದ್ದರೆ ಅದು ಎಲ್ಲರನ್ನೂ ಕೂಗಿ ಕೇಳಿ ಹುಡುಕಿಕೊಂಡುಬಿಡುತ್ತದೆ, ಪ್ರಯೋಗ ಕೆಡುತ್ತದೆ. ಆಮೇಲೆ ಇನ್ನೊಂದು ಕಂಪ್ಯೂಟರಿನ ಕೇಬಲ್ಲನ್ನು ಒಂದು ಚಿಕ್ಕ ಸ್ವಿಚ್ಚಿನಿಂದ ಕಿತ್ತು ಮತ್ತೊಂದಕ್ಕೆ ಹಾಕಿದೆ. ಕಳಿಸಿದ್ದು ಮುಟ್ಟಲಿಲ್ಲ. ಮೊಬೈಲಿನಲ್ಲಿ ಹೊತ್ತು ನೋಡುತ್ತ ಕುಳಿತೆ. ಐದು ನಿಮಿಷ ದಾಟಿದ ಮೇಲೆ ಮುಟ್ಟಿತು. ಪಟ್ಟಿಯಿಂದ ಹಳೆಯ ಜಾಗ ಅಳಿದಿತ್ತು; ಎಲ್ಲಿದೆಯೋ ತಿಳಿಯದೆ ಸ್ವಿಚ್ ಅದನ್ನು ಬಂದ ದಾರಿ ಬಿಟ್ಟು ಉಳಿದೆಲ್ಲ ಪೋರ್ಟಿಗೂ ಕಳಿಸಿತ್ತು.

ಹತ್ತಾರು ಸಲ ಮಾಡಿದೆ. ದಾಟಿ ಹೋಗಲು ಜಾಗವಿಲ್ಲದೆ ಅವ್ವ ಸೀರೆ ಎತ್ತಿ ಕೇಬಲ್ ತುಳಿಯದಂತೆ ನಡೆದಳು. “ಇದು ಮನಿನೋ, ಜೇಡರಬಲಿನೋ?” ಅಂದಳು, ತೆಗೆ ಅನ್ನಲಿಲ್ಲ. ಕಾಯುವುದು ಬೇಸರವಾಗಿ ಒಂದು ಸಲ ಜಾಗ ಬದಲಿಸಿದ ಕಂಪ್ಯೂಟರಿನಿಂದಲೇ ಒಂದು ಸಂದೇಶ ಕಳಿಸಿದೆ. ಕೂಡಲೇ ಎರಡೂ ಕಡೆ ಸರಿಯಾಯಿತು. ಹೊಸ ಜಾಗದಿಂದ ಅದರ ಹೆಸರಿನಲ್ಲಿ ಏನಾದರೂ ಬಂದ ತಕ್ಷಣ ಸ್ವಿಚ್ ಪಟ್ಟಿ ತಿದ್ದಿಕೊಳ್ಳುತ್ತದೆ, ಐದು ನಿಮಿಷ ಕಾಯುವುದಿಲ್ಲ. ಬೇರೆಯವರು ಎಷ್ಟು ಕರೆದರೂ ಪಟ್ಟಿಯಲ್ಲಿ ಅದರ ಜಾಗ ಬದಲಾಗುವುದಿಲ್ಲ, ಅದೇ ಮಾತಾಡಬೇಕು.

ಪರೀಕ್ಷೆಯ ದಿನ ಬೆಳಗಿನ ಪ್ಯಾಸೆಂಜರಿನಲ್ಲಿ ವಾಡಿಯಿಂದ ಹೊರಟೆ. ಚಿತ್ತಾಪುರ ಬರುವವರೆಗೆ ಪುಸ್ತಕ ತೆರೆದಿದ್ದೆ, ಆಮೇಲೆ ಮುಚ್ಚಿಟ್ಟೆ. ಬಾಯಿ ತೆರೆಯದೆ ಈ ಸಲ ಹೊರಗೆ ಬರುವುದಿಲ್ಲ ಎಂದು ತೀರ್ಮಾನಿಸಿದ್ದೆ.

ಲ್ಯಾಬಿನಲ್ಲಿ ಬೇರೆ ಊರಿನಿಂದ ಬಂದ ಪರೀಕ್ಷಕರಿದ್ದರು. ಎರಡು ಕಂಪ್ಯೂಟರು, ನಡುವೆ ಪಟ್ಟಿಯನ್ನು ಪರದೆಯ ಮೇಲೆ ತೋರಿಸುವ ದೊಡ್ಡ ಸ್ವಿಚ್, ಅದಕ್ಕೆ ಎರಡು ಚಿಕ್ಕವು. ನನ್ನ ಜೋಡಣೆ ನೋಡಿದರು. ಎದ್ದು ಬಂದು ತಾವೇ ಒಂದು ಕಂಪ್ಯೂಟರಿನ ಕೇಬಲ್ಲನ್ನು ಈ ಚಿಕ್ಕ ಸ್ವಿಚ್ಚಿನಿಂದ ಆ ಚಿಕ್ಕ ಸ್ವಿಚ್ಚಿಗೆ ಹಾಕಿ, ಈಗ ಕಳಿಸು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕಳಿಸಿದೆ. ಮುಟ್ಟಲಿಲ್ಲ. ಪಕ್ಕದ ಮೇಜಿನವನು ಎಲ್ಲ ಆಫ್ ಮಾಡಿ ಆನ್ ಮಾಡು ಎಂದು ಕೈಸನ್ನೆ ಮಾಡುತ್ತಿದ್ದ.

ಯಾಕೆ ಮುಟ್ಟಲಿಲ್ಲ ಎಂದು ಪರೀಕ್ಷಕರು ಕೇಳಿದರು; ಇಂಗ್ಲಿಷ್ ಮತ್ತೆ ಬಾಯಿಗೆ ಬರಲಿಲ್ಲ. “ಕನ್ನಡದಾಗ ಹೇಳ್ಲೇನ್ರಿ ಸರ್?” ಅಂದೆ.

“ಹೇಳ್ರಿ.”

“ಚಿಕ್ಕ ಸ್ವಿಚ್ಚಿಂದ ದೊಡ್ಡದಕ್ಕ ಹೋಗೋ ಕೇಬಲ್ ಯಾರೂ ಕಿತ್ತಿಲ್ರಿ. ಹಂಗಾಗಿ ಜಾಗ ಬದಲಾಗಿದ್ದು ದೊಡ್ಡದಕ್ಕ ಗೊತ್ತಿಲ್ಲ. ಇನ್ನೂ ಹಳೇ ಪೋರ್ಟಿಗೇ ಕಳಸ್ಲಿಕತ್ತದ.”

“ಮತ್ತ ಈಗ?”

“ಐದು ನಿಮಿಷ ಕಾದ್ರ ಪಟ್ಟಿಯಿಂದ ಅಳಸ್ತದ್ರಿ.”

“ನನಗ ಅಷ್ಟು ಪುರುಸೊತ್ತಿಲ್ಲ. ಕೇಬಲ್ ಮುಟ್ಟಬ್ಯಾಡ್ರಿ, ಯಾವುದೂ ಬಂದ್ ಮಾಡಬ್ಯಾಡ್ರಿ.”

ಜಾಗ ಬದಲಾದ ಕಂಪ್ಯೂಟರಿನ ಮುಂದೆ ಕುಳಿತು ಅದರಿಂದ ಒಂದು ಸಂದೇಶ ಕಳಿಸಿದೆ. ಪರದೆಯ ಪಟ್ಟಿಯಲ್ಲಿ ಅದರ ಪೋರ್ಟ್ ಬದಲಾಗಿತ್ತು. ಪರೀಕ್ಷಕರು ಕನ್ನಡಕ ಏರಿಸಿ ಅದನ್ನೇ ನೋಡಿದರು.

“ಹಂಗಾರ ಪಟ್ಟಿಗಿ ಯಾರ ವಿಳಾಸ ಬರೀತದ? ಕಳಿಸಿದವರದೋ, ಮುಟ್ಟಬೇಕಾದವರದೋ?”

“ಕಳಿಸಿದವರದ್ರಿ.”

“ಖಾತ್ರಿ ಏನು?”

“ಖಾತ್ರಿರಿ. ನಮ್ಮ ಮನ್ಯಾಗ ಹತ್ತಾರು ಸಲ ಮಾಡಿ ನೋಡೀನಿ.”

ಅವರು ತಲೆದೂಗಿ, ಮುಂದಿನವರನ್ನು ಕರೆದರು.

ಪಾಸಾದೆ. ಕೆಲವು ತಿಂಗಳ ಮೇಲೆ ಪದವಿ ಪ್ರಮಾಣಪತ್ರ ಬಂದಿದೆ ಎಂದು ಕಾಲೇಜಿನಿಂದ ಫೋನ್ ಬಂತು. ನಾಳೆ ನಾನೂ ಬರುತ್ತೇನೆ ಎಂದರು ಅಪ್ಪ. ಮರುದಿನ ತೊಳೆದ ಧೋತರ ಉಟ್ಟು ನನ್ನ ಜೊತೆ ರೈಲು ಹತ್ತಿದರು.

ಸೇಡಂನ ಕಾಲೇಜಿನ ಆಫೀಸಿನಲ್ಲಿ ಕ್ಲಾರ್ಕ್ ನನ್ನ ಸಹಿ ತೆಗೆದುಕೊಂಡು ಪ್ರಮಾಣಪತ್ರವನ್ನು ಕೈಗೆ ಕೊಟ್ಟರು. ನಾನು ಅದನ್ನು ಅಪ್ಪನಿಗೆ ಕೊಟ್ಟೆ. ಅಪ್ಪ ಎರಡೂ ಕೈಯಲ್ಲಿ ಹಿಡಿದು ಒಂದು ಗಳಿಗೆ ನೋಡಿ, ತಿರುಗಿ ಕ್ಲಾರ್ಕಿನ ಮುಂದೆಯೇ ಇಟ್ಟರು.

“ಇದ್ರಾಗ ಏನದ, ಜರಾ ಓದಿ ಹೇಳ್ರಿ ಸಾಹೇಬ್ರ.”

“ನಿಮ್ಮ ಮಗಳೇ ಓದ್ತಾಳಲ್ರಿ ಯಜಮಾನ್ರ. ಡಿಗ್ರಿ ಆಕಿದೇ ಅದ.”

“ಓದ್ತಾಳ್ರಿ, ಖರೆ,” ಅಂದರು ಅಪ್ಪ. “ಆದ್ರ ‘ಆಗೋ ಮಾತಲ್ಲ’ ಅನ್ನೋದನ್ನ ಕೇಳಿದ ಕಿವಿಲೆ ನಾ ಇದನ್ನ ಬ್ಯಾರೇದವರ ಬಾಯಿಲೆ ಕೇಳಬೇಕಂತ ಕೆಲಸ ಬಿಟ್ಟು ಬಂದೀನಿ.”