ಬೆನ್ನ ಮೇಲಿನ ಮೇರಿಯಮ್ಮ

ಪ್ರತಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಚರ್ಚು ನೋಡಿಕೊಳ್ಳುವ ಮುರಾತಾ ಸಾನ್ ಮೇರಿಯಮ್ಮನನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. ಐದು ವರ್ಷದ ಮಗುವಿನಷ್ಟು ಎತ್ತರದ ಮರದ ಪ್ರತಿಮೆ. ಜಪಾನಿನ ತಾಯಂದಿರು ಕೂಸನ್ನು ಬೆನ್ನಿಗೆ ಬಿಗಿದುಕೊಳ್ಳುತ್ತಿದ್ದ ಉದ್ದನೆಯ ಬಟ್ಟೆಪಟ್ಟಿಯನ್ನು ಎದೆಯ ಮೇಲೆ ಅಡ್ಡಡ್ಡ ಸುತ್ತಿ, ಗಂಟು ಹಾಕಿ, ಎಪ್ಪತ್ತರ ಆ ಮನುಷ್ಯ ಮೊಣಕಾಲು ಹಿಡಿದುಕೊಂಡು ಮೇಲೇಳುತ್ತಿದ್ದರು. ಪುಟ್ಟ ಹೆಜ್ಜೆಯಿಡುತ್ತ ಪಕ್ಕದ ಕೋಣೆಗೆ ಹೋಗಿ ಇಳಿಸುವರು. ಹನ್ನೊಂದಕ್ಕೆ, ಮೇರಿಯ ಪ್ರತಿಮೆ ಒಲ್ಲದ ಪ್ರೊಟೆಸ್ಟೆಂಟರು ಆರಾಧನೆಗೆ ಬರುವ ಹೊತ್ತಿಗೆ ಅಲ್ಲಿ ಬರಿಯ ಶಿಲುಬೆ ಇರುತ್ತಿತ್ತು. ಮಧ್ಯಾಹ್ನ ಮೇರಿಯಮ್ಮ ಅದೇ ಬೆನ್ನೇರಿ ವಾಪಸು.

ಎರಡು ಸಾವಿರದ ಇಸವಿ ಬರುವ ಮೊದಲು ಕಂಪ್ಯೂಟರುಗಳಲ್ಲಿ ಇಸವಿಯ ಎರಡಂಕಿಯನ್ನು ನಾಲ್ಕಂಕಿ ಮಾಡುವ ಕೆಲಸಕ್ಕೆಂದು ಕಂಪನಿ ನನ್ನನ್ನು ಫುಕುವೋಕಾಕ್ಕೆ ಕಳಿಸಿದ್ದ ಕಾಲ ಅದು. ಚರ್ಚಿನ ಹಿಂದಿನ ಹಾಲ್‌ನಲ್ಲಿ ಭಾನುವಾರ ಜಪಾನಿ ಭಾಷೆ ಪುಕ್ಕಟೆ ಕಲಿಸುತ್ತಿದ್ದರು. ಪುಕ್ಕಟೆ ಎಂದರೆ ನಾನು ಅರ್ಧ ಗಂಟೆ ಮೊದಲೇ ಹಾಜರ್. ಹಾಗಾಗಿಯೇ ಯಾರೂ ನೋಡಿರದ ಈ ಮೆರವಣಿಗೆ ನನ್ನ ಕಣ್ಣಿಗೆ ಬಿತ್ತು.

ಚರ್ಚು ನೋಡಲು ಅಪ್ಪಟ ಗೋಥಿಕ್: ಮೊನಚು ಕಮಾನು, ಬಣ್ಣದ ಗಾಜು, ಕತ್ತೆತ್ತಿ ನೋಡಬೇಕಾದ ಛಾವಣಿ. ಆದರೆ ಕಂಬಕ್ಕೆ ಬೆರಳು ಬಡಿದರೆ ಟೊಕ್ಕೆನ್ನುವ ಮರ. "ಇಲ್ಲಿ ಕಲ್ಲುಕುಟಿಗರು ಸಿಗಲಿಲ್ಲ. ಬೌದ್ಧ ದೇವಾಲಯ ಕಟ್ಟುವ ಬಡಗಿಗಳಿದ್ದರು. ಪಾದ್ರಿ ಚಿತ್ರ ತೋರಿಸಿದ, ಅವರು ಕಟ್ಟಿಕೊಟ್ಟರು" ಎನ್ನುತ್ತಿದ್ದರು ಮುರಾತಾ ಸಾನ್. ಅದು ಕ್ಯಾಥೊಲಿಕರದು. ಯುದ್ಧದಲ್ಲಿ ಪ್ರೊಟೆಸ್ಟೆಂಟರ ಚರ್ಚು ಸುಟ್ಟುಹೋದಾಗ, ನಿಮ್ಮದು ಕಟ್ಟುವ ತನಕ ಇಲ್ಲೇ ಬನ್ನಿ ಅಂದರಂತೆ. ಆ 'ತನಕ' ಐವತ್ತು ವರ್ಷ ದಾಟಿತ್ತು. ಪ್ರತಿಮೆಯನ್ನು ಎರಡೂ ಕಡೆಯಿಂದ ಒಬ್ಬೊಬ್ಬರು ಬಂದು ಒಟ್ಟಿಗೆ ಎತ್ತಿಡಬೇಕೆಂದು ಕರಾರಾಗಿತ್ತು. ನಾಲ್ಕು ವಾರ ಬಂದರು, ಆಮೇಲೆ ಯಾರೂ ಬರಲಿಲ್ಲ. ಆಗ ಚರ್ಚು ನೋಡಿಕೊಳ್ಳುತ್ತಿದ್ದವರು ಮುರಾತಾ ಸಾನ್ ಅವರ ತಾಯಿ. ಮಗನನ್ನು ಹೊತ್ತ ಪಟ್ಟಿಯಲ್ಲೇ ಮೇರಿಯಮ್ಮನನ್ನೂ ಹೊತ್ತರು.

"ಹೇಳಿದರೆ ಎರಡೂ ಕಡೆಯವರಿಗೆ ಅವಮಾನ. ಅಮ್ಮ ಹೇಳಲಿಲ್ಲ, ನಾನೂ ಹೇಳಿಲ್ಲ" ಎಂದಿದ್ದರು. ಸ್ವತಃ ಬೌದ್ಧರು. "ನಾನು ಯಾರ ಕಡೆಯವನೂ ಅಲ್ಲ. ಅದಕ್ಕೇ ಕೀಲಿಕೈ ನನ್ನ ಹತ್ತಿರ ಇದೆ" ಎಂದು ನಗುತ್ತಿದ್ದರು. ಎತ್ತುವ ಮೊದಲು ಪ್ರತಿಮೆಗೆ ತಲೆಬಾಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳುವರು. ಇಳಿಸಿದ ಮೇಲೆ "ಓತ್ಸುಕಾರೆಸಾಮಾ" ಅನ್ನುವರು. ದಣಿದಿರಿ ಪಾಪ, ಎಂದು ಆಫೀಸಿನಲ್ಲಿ ಸಂಜೆ ನಾವು ಒಬ್ಬರಿಗೊಬ್ಬರು ಹೇಳುವ ಮಾತು. ಏದುಸಿರು ಬಿಡುತ್ತಿದ್ದವರು ಇವರು, ಉಪಚಾರ ಆಕೆಗೆ!

ಪಾಠದ ಋಣಕ್ಕೆಂದು ಚರ್ಚಿಗೆ ನಾನೊಂದು ಹೋಮ್‌ಪೇಜ್ ಮಾಡಿಕೊಟ್ಟೆ. ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ಕಮಾನು, ಕಿಟಕಿಗಳ ಜೊತೆ ಆ ಬೆನ್ನನ್ನೂ ತೆಗೆಯಲೇ ಎಂದು ಕೇಳಿದೆ. ಅವರು ಪಟ್ಟಿಯ ಗಂಟನ್ನು ಮತ್ತೊಮ್ಮೆ ಬಿಗಿದುಕೊಂಡರು. "ನಿಮಗೆ ಮಾತ್ರ, ಮೂರ್ತಿ ಸಾನ್." ನಾನು "ಹಾಯ್, ಹಾಯ್", ಹೌದು ಹೌದು, ಎಂದು ತಲೆಯಾಡಿಸಿ ಒಪ್ಪಿಕೊಂಡೆ. ಎರಡು ತಿಂಗಳಾದರೂ ಹೋಮ್‌ಪೇಜಿನ ಕೆಳಗೆ ನೋಡಿದವರನ್ನು ಎಣಿಸುವ ಕೌಂಟರ್ ಕುಂಟುತ್ತಿತ್ತು. ಆ ಫೋಟೋ ಹಾಕಿದರೆ ಜನ ಮುಗಿಬೀಳುತ್ತಾರೆ ಅನ್ನಿಸಿತು. ಹಾಕಿದೆ. ಕೆಳಗೆ ಕರಾರಿನ ಕಥೆಯನ್ನೂ ಬರೆದೆ. ಮರೆತು ಮಾಡಿದ್ದಲ್ಲ; ಅವರ ಮಾತು ಚೆನ್ನಾಗಿ ನೆನಪಿತ್ತು.

ಜನ ಮುಗಿಬಿದ್ದರು. ನಮ್ಮ ತಾಯಿಯನ್ನು ಗಂಟುಮೂಟೆಯಂತೆ ಕಟ್ಟುವುದೇ ಎಂದು ಕ್ಯಾಥೊಲಿಕರಿಗೆ ನೋವಾಯಿತು. ಮಾತಿಗೆ ತಪ್ಪಿದವರೆಂದು ಊರಿಗೆಲ್ಲ ಗೊತ್ತಾಯಿತಲ್ಲ ಎಂದು ಪ್ರೊಟೆಸ್ಟೆಂಟರಿಗೆ ನಾಚಿಕೆ. ಇಬ್ಬರೂ ಸೇರಿ ಸಭೆ ಕರೆದರು. ಹೋಮ್‌ಪೇಜ್ ಮಾಡಿದವನೆಂದು ನನಗೂ ಕರೆ ಬಂತು. ಇದನ್ನು ಹಾಕಲು ಹೇಳಿದವರು ಯಾರು ಎಂದು ಪಾದ್ರಿ ನನ್ನ ಕಡೆ ನೋಡಿ ಕೇಳಿದರು.

"ನಾನೇ ಹೇಳಿದೆ" ಎಂದು ಮುರಾತಾ ಸಾನ್ ಎದ್ದು ನಿಂತರು. ಸೊಂಟದಿಂದ ಬಾಗಿದವರು ಬಹಳ ಹೊತ್ತು ಮೇಲೇಳಲಿಲ್ಲ. ನಾನು ಬಾಯಲ್ಲಿ ಕಡುಬು ತುರುಕಿಕೊಂಡವನಂತೆ ಕೂತೇ ಇದ್ದೆ. ಅವರು ಕೀಲಿಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಮುಂದಿನ ಭಾನುವಾರದಿಂದ ಮೇರಿಯಮ್ಮನಿಗೆ ರಬ್ಬರ್ ಚಕ್ರದ ಗಾಡಿ ಬಂತು.

"ರೀ, ನಾನೇ ಹಾಕಿದ್ದು ಅಂತ ಒಂದ್ ಮಾತ್ ಹೇಳಕ್ಕಾಗ್ಲಿಲ್ವಾ?" ಎಂದಳು ಹೆಂಡತಿ ವೀಣಾ.

"ವೀಸಾ ರಿನ್ಯೂವಲ್ ಟೈಮ್ ಕಣೇ. ಕಂಪನಿಗೆ ಕಂಪ್ಲೇಂಟ್ ಗಿಂಪ್ಲೇಂಟ್ ಹೋದ್ರೆ?"

"ಅಷ್ಟ್ ವಯಸ್ಸಾದೋರು ನಿಮಗೋಸ್ಕರ ತಲೆ ಬಗ್ಸಿದ್ರಲ್ರೀ."

ಕಂಪ್ಯೂಟರ್ ಮುಂದೆ ಕೂತೆ. ಹೋಮ್‌ಪೇಜು, ಹಾರ್ಡ್‌ಡಿಸ್ಕು, ಕ್ಯಾಮೆರಾ, ಫ್ಲಾಪಿ, ಎಲ್ಲ ಕಡೆಯಿಂದಲೂ ಆ ಫೋಟೋ ಅಳಿಸಿದೆ. ಕುರುಹು ಉಳಿಯಬಾರದು ಅನ್ನುವ ಒಂದೇ ಹೆದರಿಕೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಆದರೂ ಅಳಿಸಿದೆ.

ಹದಿನೈದು ದಿನ ಕಳೆದು, ವೀಣಾಳ ಕಾಟಕ್ಕೆ, ಸಿಹಿಯ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ತಪ್ಪೊಪ್ಪಿಗೆಯನ್ನು ಜಪಾನಿಯಲ್ಲಿ ಬರೆದು ಬಾಯಿಪಾಠ ಮಾಡಿದ್ದೆ. ಬಾಗಿಲು ತೆರೆದವರು ನನಗೆ ಶುರುಮಾಡಲೇ ಬಿಡಲಿಲ್ಲ. ಹಿಗ್ಗಿ, ಚಹಾ ಮಾಡಿಕೊಟ್ಟು, ಆಮೇಲೆ ಸಂಕೋಚದಿಂದ ಕೇಳಿದರು: "ಮೂರ್ತಿ ಸಾನ್, ಆ ಫೋಟೋದ ಒಂದು ಪ್ರತಿ ಸಿಗಬಹುದೇ? ಅಮ್ಮ ಹೊತ್ತಾಗ ತೆಗೆಯುವವರು ಇರಲಿಲ್ಲ. ಅವಳ ಚಿತ್ರದ ಪಕ್ಕ ಇಡಬೇಕು."

"ಮುಂದಿನ ವಾರ ತಂದುಕೊಡ್ತೀನಿ" ಎಂದೆ.

ಅವರು ಎದ್ದು, ಸಭೆಯಲ್ಲಿ ಬಾಗಿದಷ್ಟೇ ಬಾಗಿ, "ಅರಿಗಾತೋ" ಎಂದು ಧನ್ಯವಾದ ಹೇಳಿದರು. ಮುಂದಿನ ವಾರ ನಾನು ಆ ಬೀದಿಗೆ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ.